ವಿನಿಪೆಗ್‌ನ ಚಳಿಗಾಲದ ಕುರಿತು

ಮಾನ್ಯರೇ, ಉಡುಪಿಯ ಸೆಕೆಯಲ್ಲೇ ಬೆಳೆದ ತಾವು ಉದ್ಯೋಗದ ನಿಮಿತ್ತ ಕೆನಡಾದ ವಿನಿಪೆಗ್‌ಗೆ ಹೋದರೆ ಅಲ್ಲಿನ ಚಳಿಗಾಲದಲ್ಲಿ ಸಂತೋಷವಾಗಿರಲು ಸಾಧ್ಯವೇ ಎಂದು ಕೇಳಿದ್ದೀರಿ. ಮಣಿಪಾಲದಿಂದ ಹೋಗಿ ಅಲ್ಲಿ ನಾಲ್ಕು ಚಳಿಗಾಲ ಕಳೆದು ಬಂದವನಾಗಿ ಹೇಳುವುದಾದರೆ ಖಂಡಿತ ಸಾಧ್ಯ, ಬಾಗಿಲು ಹಾಕಿಕೊಂಡು ಮನೆಯೊಳಗೆ ಕೂರದಿದ್ದರೆ. ಜನವರಿಯಲ್ಲಿ ಉಷ್ಣಾಂಶ ಮೈನಸ್ 30 ಡಿಗ್ರಿಗೆ ಇಳಿಯುವ ದಿನಗಳುಂಟು; ಆದರೂ ನಮ್ಮ ಮಳೆಗಾಲದ ಆಟಿ ತಿಂಗಳಿನ ಹಾಗೆ ವಾರಗಟ್ಟಲೆ ಮೋಡ ಮುಸುಕಿರುವುದಿಲ್ಲ, ಬಿಸಿಲು ಚೆನ್ನಾಗಿಯೇ ಬೀಳುತ್ತದೆ. ನನ್ನನ್ನು ಕಾಡಿದ್ದು ಚಳಿಗಿಂತ ಕತ್ತಲೆ. ಡಿಸೆಂಬರ್‌ನಲ್ಲಿ ಸಂಜೆ 4.30ರ ಸುಮಾರಿಗೇ ಸೂರ್ಯ ಮುಳುಗುವುದರಿಂದ, ಮಧ್ಯಾಹ್ನದ ಬಿಡುವಿನಲ್ಲಿ ಅರ್ಧ ಗಂಟೆ ಹೊರಗೆ ನಡೆಯುವುದನ್ನು ತಪ್ಪಿಸಬೇಡಿ. ದಪ್ಪನೆಯ ಒಂದೇ ಕೋಟ್‌ಗಿಂತ ಪದರ ಪದರವಾಗಿ ಬಟ್ಟೆ ಧರಿಸುವುದು ಮೇಲು; ಮೈಗೆ ತಾಗುವ ಪದರ ಮಾತ್ರ ಹತ್ತಿಯದಾಗಿರಬಾರದು, ಏಕೆಂದರೆ ಬೆವರಿಗೆ ಒದ್ದೆಯಾದ ಹತ್ತಿ ಬೇಗ ಒಣಗದೆ ಮೈಯನ್ನು ತಣ್ಣಗಾಗಿಸುತ್ತದೆ. ಬೂಟಿನ ವಿಷಯದಲ್ಲಿ ಜಿಪುಣತನ ಬೇಡ. ನದಿ ಹೆಪ್ಪುಗಟ್ಟಿದಾಗ ಫೋರ್ಕ್ಸ್ ಎಂಬಲ್ಲಿ ಅದರ ಮೇಲೆಯೇ ಸ್ಕೇಟಿಂಗ್ ದಾರಿ ತೆರೆಯುತ್ತಾರೆ. ಮೊದಲ ವರ್ಷ ಅಲ್ಲಿ ಬಿದ್ದು ಮೊಣಕಾಲು ಊದಿಸಿಕೊಂಡ ನಾನು, ಎರಡನೆಯ ವರ್ಷ ಅದು ಯಾವಾಗ ತೆರೆಯುವುದೆಂದು ದಿನ ಎಣಿಸುತ್ತಿದ್ದೆ. ಅಂದ ಹಾಗೆ, ದೋಸೆ ಹಿಟ್ಟು ಅಲ್ಲಿ ಸುಲಭವಾಗಿ ಹುಳಿ ಬರುವುದಿಲ್ಲ. ಓವನ್ ಬಿಸಿ ಮಾಡದೆ ಅದರ ದೀಪವನ್ನಷ್ಟೇ ಉರಿಸಿ ರಾತ್ರಿ ಪಾತ್ರೆಯನ್ನು ಒಳಗಿಟ್ಟರೆ ಬೆಳಿಗ್ಗೆ ಉಬ್ಬಿರುತ್ತದೆ.