ಗೋವಿಂದ ಅನ್ನೋಕೆ ಉಸಿರು ಉಳಿದಿದೆಯಾ?

ವೈಕುಂಠ ಏಕಾದಶಿ ಹತ್ತಿರ ಬಂತು ಅಂದ್ರೆ ನನ್ನ ಕ್ಲಿನಿಕ್‌ನಲ್ಲಿ ತಿರುಪತಿ ಪಾದಯಾತ್ರೆಯ ಅವೇ ಪ್ರಶ್ನೆಗಳು. ಕೋಲಾರದಿಂದ ತಿರುಪತಿಗೆ ನಾನೂ ಆರು ಸಲ ನಡೆದವನು ಅನ್ನೋದು ಎಲ್ಲರಿಗೂ ಗೊತ್ತು. ಯಾವ ಬ್ಯಾಗು, ಎಷ್ಟು ಪಂಚೆ ಅಂತ ಮಾತ್ರ ಕೇಳಬೇಡಿ.

ಪ್ರಶ್ನೆ: ಹೋದ ವರ್ಷ ಪಲಮನೇರಿನ ತನಕ ಚೆನ್ನಾಗಿ ನಡೆದೆ. ಮೂರನೇ ದಿನ ಮೊಗಿಲಿ ಘಾಟಿಯಲ್ಲಿ ತಲೆನೋವು, ಅಳು, ದೇವರ ಮೇಲೇ ಸಿಟ್ಟು. ಬಸ್ ಹತ್ತಿಬಿಟ್ಟೆ. ನನ್ನ ಭಕ್ತಿ ಕಮ್ಮಿಯಾ? – ಮಾಲೂರಿನ ಓದುಗರು

ಭಕ್ತಿ ಕಮ್ಮಿ ಅಲ್ಲ, ಉಪ್ಪು ಕಮ್ಮಿ ಇರಬೇಕು. ಮೂರನೇ ದಿನ ಅಳುವವರನ್ನು ಪ್ರತಿ ಸಲ ನೋಡಿದ್ದೇನೆ. ಎರಡು ರಾತ್ರಿ ಛತ್ರದಲ್ಲಿ ಸರಿಯಾದ ನಿದ್ದೆ ಇರಲ್ಲ. ವ್ರತ ಅಂತ ಹೊಟ್ಟೆ ಖಾಲಿ. ಬೆವರಿನಲ್ಲಿ ಉಪ್ಪು ಹೋಗ್ತಾ ಇದ್ದರೂ ಬರೀ ನೀರನ್ನೇ ಲೀಟರ್‌ಗಟ್ಟಲೆ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುತ್ತದೆ. ತಲೆನೋವು, ವಾಕರಿಕೆ, ಗಲಿಬಿಲಿ ಶುರುವಾಗುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಕುಡಿಯಿರಿ. ಓಆರ್‌ಎಸ್ ಆದರೆ ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು, ಒಂದು ಲೋಟಕ್ಕೆ ಸುರಿಯೋದಲ್ಲ. ಬಿಪಿ ಇರುವವರು ಮೊದಲೇ ಡಾಕ್ಟರನ್ನು ಕೇಳಿ.

ಇನ್ನು ಮನಸ್ಸಿನ ಮಾತು. 'ಅಡುಗಡುಗು ದಂಡಾಲವಾಡಾ' ಅಂತ ಒಬ್ಬರು ಕೂಗಿದರೆ ಉಳಿದವರು 'ಗೋವಿಂದಾ ಗೋವಿಂದ' ಅಂತ ಓಗೊಡ್ತಾರೆ ಅಲ್ವಾ? ಹೆಜ್ಜೆ ಹೆಜ್ಜೆಗೂ ನಮಸ್ಕಾರ ಹಾಕಿಸಿಕೊಳ್ಳೋನು ಅಂತ ಆ ತೆಲುಗು ಸಾಲಿನ ಅರ್ಥ. ಆ ಸಾಲು ಒಂದೇ ಉಸಿರಿಗೆ ಬಾಯಿಂದ ಬರಬೇಕು. ಅರ್ಧಕ್ಕೇ ನಿಂತರೆ ನೀವು ಜಾಸ್ತಿ ಬಿರುಸಾಗಿ ನಡೀತಿದ್ದೀರಿ, ನಿಧಾನ ಮಾಡಿ. ನಾನು ಕೈಗಡಿಯಾರ ನೋಡಲ್ಲ, ಇದನ್ನೇ ನೋಡ್ತೀನಿ.

ನನ್ನ ಎರಡನೇ ಯಾತ್ರೆಯಲ್ಲಿ ದೊಡ್ಡ ಸಾಧಕನ ಹಾಗೆ ಮೌನವ್ರತ ಹಿಡಿದೆ. ಗುಂಪು ಬಿಟ್ಟು ಮುಂದೆ ನಡೆದೆ. ಅದೇ ಘಾಟಿ ಬರೋ ಹೊತ್ತಿಗೆ ತಲೆಯಲ್ಲಿ ದೇವರಿಲ್ಲ, ಕಿಲೋಮೀಟರ್ ಕಲ್ಲು ಮಾತ್ರ. ಕೂತುಬಿಟ್ಟೆ. ಹಿಂದೆ ಬಂದ ಅಜ್ಜಿಯೊಬ್ಬರು ಸೆರಗಿನ ಗಂಟು ಬಿಚ್ಚಿದರು. ಹುರಿಗಡಲೆ, ಬೆಲ್ಲದ ಚೂರು. ಬೆಲ್ಲಕ್ಕೆ ಸೀರೆಯ ದಾರ ಅಂಟಿತ್ತು. ಅದನ್ನು ಉಗುರಲ್ಲಿ ಕಿತ್ತು ಕೊಟ್ಟರು. 'ಆ ಹುಣಸೇಮರದ ತನಕ ಬಾ ನಾಯನಾ, ಆಮೇಲೆ ನೋಡೋಣ' ಅಂದರು. ತಿರುಪತಿಯ ಹೆಸರೇ ಎತ್ತಲಿಲ್ಲ. ಅವತ್ತಿಂದ ನಾನು ಒಬ್ಬನೇ ನಡೆದಿಲ್ಲ. ನೀವೂ ನಡೀಬೇಡಿ. ಮೊದಲ ರಾತ್ರಿ ಮುಳಬಾಗಿಲಿನಲ್ಲಿ ಉಳಿದರೆ ನರಸಿಂಹತೀರ್ಥದ ಯತಿ ಶ್ರೀಪಾದರಾಜರ ಬೃಂದಾವನದ (ಸಮಾಧಿಯ) ಮುಂದೆ ಸ್ವಲ್ಪ ಹೊತ್ತು ಸುಮ್ನೆ ಕೂತುಬನ್ನಿ. ಫೋನ್ ಆಫ್ ಮಾಡಿ.

ಬಸ್ ಹತ್ತಿದ್ದು ತಪ್ಪಲ್ಲ. ಗಲಿಬಿಲಿ, ಎದೆನೋವು ಬಂದರೆ ಬಸ್ಸೂ ಅಲ್ಲ, ನೇರ ಆಸ್ಪತ್ರೆಗೇ ಹೋಗಬೇಕು. ಹರಕೆ ಮುರೀತು, ಶಾಂತಿ ಮಾಡಿಸಿ ಅಂತ ದುಡ್ಡು ಕೇಳೋರ ಹತ್ತಿರ ಸುಳಿಯಬೇಡಿ. ಈ ಸಲ ಸುಸ್ತಾದರೆ ಚಂದ್ರಗಿರಿ ತನಕ ಬಸ್ಸಲ್ಲಿ ಹೋಗಿ. ದಣಿವಾರಿದ ಮೇಲೆ ತಿರುಮಲ ಬೆಟ್ಟಕ್ಕೆ ಶ್ರೀವಾರಿ ಮೆಟ್ಟು ದಾರಿಯ 2,388 ಮೆಟ್ಟಿಲು ಹತ್ತಿ. ಅಲಿಪಿರಿ ದಾರಿಯ 3,550 ಬೇಡ.

ಪ್ರಶ್ನೆ: ಶುಗರ್ ಇದೆ, ಬರಿಗಾಲಲ್ಲಿ ನಡೀತೀನಿ ಅಂತ ಹರಕೆ. – ಶ್ರೀನಿವಾಸಪುರ

ಬೇಡ. ಚಪ್ಪಲಿ ಹಾಕಿದವರನ್ನು ವೆಂಕಟರಮಣ ವಾಪಸ್ ಕಳಿಸಿದ್ದು ನಾನು ಕೇಳಿಲ್ಲ.

ಪ್ರಶ್ನೆ: ಪಾದದ ಬೊಬ್ಬೆಗೆ ಸೂಜಿ ದಾರ ಪೋಣಿಸಿ ಬಿಡಬಹುದಾ? – ಬಂಗಾರಪೇಟೆ

ಅದು ಕಾಲು, ಮಲ್ಲಿಗೆ ಹಾರ ಅಲ್ಲ. ದಾರದ ಜೊತೆ ಕೀವೂ ಬರುತ್ತೆ.

ಪ್ರಶ್ನೆ: ದಾರಿಯಲ್ಲಿ ಮಾರುವ ನೋವಿನ ಪುಡಿ ಒಂದೇ ಗಂಟೆಯಲ್ಲಿ ಕೆಲಸ ಮಾಡುತ್ತಂತೆ? – ಕೋಲಾರ

ಮಾಡುತ್ತೆ. ಹೆಸರಿಲ್ಲದ ಪುಡಿಗಳಿಗೆ ಸ್ಟೀರಾಯ್ಡ್, ನೋವಿನ ಮಾತ್ರೆ ಬೆರೆಸುವುದುಂಟು. ಮೈಯಲ್ಲಿ ನೀರು ಬತ್ತಿರುವಾಗ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು. ತಗೊಂಡಿದ್ದರೆ ಆ ಪೊಟ್ಟಣವನ್ನೂ ಕ್ಲಿನಿಕ್‌ಗೆ ತನ್ನಿ.