ಬಾದಾಮಿ ವಾಟೆ ನೆಟ್ಟರೆ ಹುಳಿ ಮಾವು ಯಾಕೆ?

ಪ್ರಶ್ನೆ: ಒಳ್ಳೆ ಬಾದಾಮಿ ಮಾವಿನ ವಾಟೆಯನ್ನು ಹಿತ್ತಲಲ್ಲಿ ನೆಟ್ಟಿದ್ದೆವು. ಈ ವರ್ಷ ಮೊದಲ ಸಲ ಕಾಯಿ ಬಿಟ್ಟಿದೆ. ಹಣ್ಣು ಸಣ್ಣದು, ನಾರು ಜಾಸ್ತಿ, ಮೇಲಾಗಿ ಹುಳಿ. ಗೊಬ್ಬರ ಹಾಕಿದರೆ ಸರಿಹೋಗುತ್ತದೆಯೇ?

ಉತ್ತರ: ಎಷ್ಟು ಗೊಬ್ಬರ ಸುರಿದರೂ ಅದು ಬಾದಾಮಿ ಆಗುವುದಿಲ್ಲ. ನಿಮ್ಮ ಮರ ಬಾದಾಮಿಯ ಮಗು, ಅಷ್ಟೇ. ನೀವು ತಿಂದ ತಿರುಳು ಪೂರ್ತಿ ತಾಯಿ ಮರದ್ದು, ಆದರೆ ಒಳಗಿನ ಬೀಜಕ್ಕೆ ಅಪ್ಪನೂ ಒಬ್ಬ ಇದ್ದ. ಅವನು ಯಾರೋ! ಮಾವಿನ ಹೂವಿಗೆ ಪರಾಗ ತರುವುದು ಹೆಚ್ಚಾಗಿ ನೊಣಗಳು, ಅವು ತಳಿ ನೋಡಿ ಕೂರುತ್ತವೆಯೇ?

ಅಪ್ಪನೂ ಬಾದಾಮಿಯೇ ಆಗಿದ್ದರೂ ಅದೇ ರುಚಿ ಗ್ಯಾರಂಟಿ ಇರಲಿಲ್ಲ. ಮಾವಿನ ಜೀವಕೋಶದಲ್ಲಿ ರುಚಿ, ಗಾತ್ರದಂಥ ಗುಣಗಳನ್ನು ಹೊತ್ತ ಎಳೆಗಳು, ಅಂದರೆ ಕ್ರೋಮೋಸೋಮ್, 40 ಇರುತ್ತವೆ, 20 ಜೋಡಿ. ಜೋಡಿಯಲ್ಲಿ ಒಂದು ತಾಯಿಯಿಂದ ಬಂದದ್ದು, ಇನ್ನೊಂದು ತಂದೆಯಿಂದ. ಪರಾಗ ಅಥವಾ ಅಂಡ ತಯಾರಾಗುವಾಗ ಈ 40 ಅರ್ಧವಾಗಲೇಬೇಕು, ಇಲ್ಲದಿದ್ದರೆ ಮುಂದಿನ ತಲೆಮಾರಿಗೆ 80, ಅದರ ಮುಂದಿನದಕ್ಕೆ 160 ಅಂತ ಬೆಳೆಯುತ್ತಲೇ ಹೋಗುತ್ತದೆ ಅಲ್ವಾ. ಹೀಗೆ ಅರ್ಧ ಮಾಡುವ ವಿಭಜನೆಯೇ ಮಿಯಾಸಿಸ್. ಇದರಲ್ಲಿ ಮೊದಲು ಪ್ರತಿ ಜೋಡಿಯ ಎರಡೂ ಉದ್ದಕ್ಕೂ ಒಂದಕ್ಕೊಂದು ಅಂಟಿಕೊಂಡು, ಅಲ್ಲಲ್ಲಿ ತುಂಡಾಗಿ, ಆ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ಆಮೇಲೆ ಬೇರೆಯಾಗುತ್ತವೆ. ಯಾವುದು ಯಾವ ಕಡೆ ಹೋಗುತ್ತದೆ ಅನ್ನುವುದು ನಾಣ್ಯ ಚಿಮ್ಮಿದ ಹಾಗೆ. 20 ಜೋಡಿಗೆ 10,48,576 ಬಗೆ! ಅದಲುಬದಲನ್ನು ಈ ಲೆಕ್ಕಕ್ಕೆ ಸೇರಿಸಿಲ್ಲ. ಅಂಡಕ್ಕೆ ಇಷ್ಟು, ಪರಾಗಕ್ಕೆ ಮತ್ತೆ ಇಷ್ಟು.

ನಂಬಿಕೆ ಬರದಿದ್ದರೆ ಮಾರುಕಟ್ಟೆಯಲ್ಲಿ ಮಲ್ಲಿಕಾ ಮತ್ತು ಆಮ್ರಪಾಲಿ ಎರಡನ್ನೂ ತಂದು ಅಕ್ಕಪಕ್ಕ ಇಡಿ. ಎರಡೂ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಹುಟ್ಟಿದವು, ಎರಡಕ್ಕೂ ಹೆತ್ತವರು ನೀಲಂ ಮತ್ತು ದಶೇರಿಯೇ. ಆದರೆ ಮಲ್ಲಿಕಾ ಹಣ್ಣು ದಪ್ಪ, ಆಮ್ರಪಾಲಿಯದು ಸಣ್ಣದು. ಆಮ್ರಪಾಲಿಯ ಮರವೂ ಗಿಡ್ಡ.

ಹಾಗಾಗಿಯೇ ನರ್ಸರಿಯವರು ಕಸಿ ಕಟ್ಟುವುದು. ಬಾದಾಮಿಯ ಕೊಂಬೆಯಲ್ಲಿ ಮಿಯಾಸಿಸ್ ಇಲ್ಲ, ಇದ್ದದ್ದು ಇದ್ದ ಹಾಗೇ ಮುಂದುವರಿಯುತ್ತದೆ. ನಿಮ್ಮ ಮರವನ್ನು ಬುಡಸಮೇತ ಕಡಿಯಬೇಡಿ. ತಲೆ ಸವರಿ, ಹೊಸ ಚಿಗುರು ಬಂದ ಮೇಲೆ ಅದಕ್ಕೆ ಬಾದಾಮಿ ಕಡ್ಡಿ ಕಸಿ ಮಾಡಿಸಿ. ಅಥವಾ ಹಾಗೇ ಬಿಟ್ಟು ಉಪ್ಪಿನಕಾಯಿ ಹಾಕಿ, ನಾನಾದರೆ ಅದನ್ನೇ ಮಾಡುತ್ತಿದ್ದೆ.

ಪ್ರಶ್ನೆ: ಕೇರಳದಿಂದ ತಂದ ಮಾವಿನ ಒಂದೇ ವಾಟೆಯಲ್ಲಿ ಮೂರು ಸಸಿ ಬಂದಿವೆ. ಯಾವುದನ್ನು ಉಳಿಸಲಿ?

ಉತ್ತರ: ನಿಮ್ಮದು ಬೇರೆ ಜಾತಿಯ ಅದೃಷ್ಟ. ಆ ಕಡೆಯ ಓಲೂರ್, ಚಂದ್ರಕಾರನ್‌ನಂಥ ತಳಿಗಳಲ್ಲಿ ಬೀಜದೊಳಗಿನ ತಾಯಿಯ ಅಂಗಾಂಶವೇ ನೇರವಾಗಿ ಮೊಳಕೆ ಕಟ್ಟುತ್ತದೆ. ಅಲ್ಲಿ ಮಿಯಾಸಿಸ್ಸೂ ಇಲ್ಲ, ಅಪ್ಪನೂ ಇಲ್ಲ, ಸಸಿ ತಾಯಿಯ ನಕಲು. ಎಲ್ಲ ಸಸಿ ಒಂದೇ ಥರ ಬರುತ್ತದೆ ಅಂತಲೇ ಕಸಿಯ ಬುಡಕ್ಕೆ ಓಲೂರ್ ಬಳಸುತ್ತಾರೆ. ಮೂರರಲ್ಲಿ ಒಂದು ಮಾಮೂಲಿ ಅಪ್ಪ-ಅಮ್ಮನ ಸಸಿಯೂ ಇರಬಹುದು, ಸಾಮಾನ್ಯವಾಗಿ ಸೊರಗುವುದು ಅದೇ. ಸೊಂಪಾಗಿರುವ ಎರಡನ್ನು ಬಿಡಿಸಿ ಬೇರೆ ಬೇರೆ ನೆಡಿ.