ಮ್ಯಾಚ್ ನಡುವೆ ಬರುವ ಬೆಟ್ಟಿಂಗ್ ಜಾಹೀರಾತಿನ ಬಗ್ಗೆ ಯಾರಿಗೆ, ಹೇಗೆ ದೂರು ಕೊಡಬೇಕು?

ನೀವು ಕೇಳಿರುವುದು ಇಷ್ಟು: ಕೊಡಗಿನ ಗೋಣಿಕೊಪ್ಪದ ಹತ್ತಿರ ಮನೆ, ಡಿಟಿಎಚ್ ಸಂಪರ್ಕ. ಮಕ್ಕಳನ್ನು ಕೂರಿಸಿಕೊಂಡು ಮ್ಯಾಚ್ ನೋಡೋಣವೆಂದರೆ ಮತ್ತೆ ಮತ್ತೆ ಬೆಟ್ಟಿಂಗ್ ಜಾಹೀರಾತು. ನಿಷೇಧ ಇದೆ ಅಂತಾರೆ, ಆದರೂ ಬರುತ್ತದೆ. ಡಿಟಿಎಚ್‌ನವರಿಗೆ ಫೋನ್ ಮಾಡಿದರೆ ‘ನಮ್ಮ ಕೈಯಲ್ಲಿಲ್ಲ’ ಅಂದರು. ಹಾಗಾದರೆ ಯಾರ ಕೈಯಲ್ಲಿದೆ?

ಅವರು ಹೇಳಿದ್ದು ನಿಜ. ಚಾನೆಲ್ ಕಳಿಸಿದ್ದನ್ನು ನಿಮ್ಮ ಮನೆಗೆ ಮುಟ್ಟಿಸುವುದಷ್ಟೇ ಅವರ ಕೆಲಸ. ಹೆಚ್ಚಿನ ದೂರುಗಳು ಬಿದ್ದುಹೋಗುವುದು ಇಲ್ಲೇ. ಜನರ ಸಿಟ್ಟು ನ್ಯಾಯವಾದದ್ದೇ, ಹೋಗಿ ನಿಲ್ಲುವ ಬಾಗಿಲು ಮಾತ್ರ ಬೇರೆ ಯಾರದ್ದೋ ಆಗಿರುತ್ತದೆ. ಹಾಗಾಗಿ ಜಾಹೀರಾತು ಪರದೆಗೆ ಯಾವ ದಾರಿಯಿಂದ ಬಂತು ಎಂದು ಮೊದಲು ನೋಡಿಕೊಳ್ಳಿ.

ಓವರ್‌ಗಳ ಮಧ್ಯೆ ಪೂರ್ತಿ ಪರದೆಯಲ್ಲಿ ಬಂದರೆ, ಅಥವಾ ಆಟ ನಡೆಯುತ್ತಿರುವಾಗಲೇ ಚಿತ್ರ ಕುಗ್ಗಿ ಪಕ್ಕಕ್ಕೂ ಕೆಳಕ್ಕೂ ಪಟ್ಟಿ ಬಂದರೆ, ಅದು ಚಾನೆಲ್ ಮಾರಿದ ಜಾಗ. ಹೊಣೆ ಚಾನೆಲ್‌ನದು. ವಿದೇಶದ ಮೈದಾನದ ಬೌಂಡರಿ ಹಲಗೆಯಲ್ಲೋ ಅಲ್ಲಿನ ತಂಡದ ಜೆರ್ಸಿಯಲ್ಲೋ ಕಾಣುವ ಹೆಸರು ಅಲ್ಲಿಯವರು ಹಾಕಿದ್ದು, ಅದರ ಹಿಂದೆ ಶಕ್ತಿ ಕಳೆಯಬೇಡಿ. ಮಡಿಕೇರಿ, ವಿರಾಜಪೇಟೆ, ಕುಶಾಲನಗರದ ಪೇಟೆಯೊಳಗೆ ಕೇಬಲ್ ಇರುವವರಿಗೆ ಸ್ಥಳೀಯ ಚಾನೆಲ್‌ನಲ್ಲಿ ಇಂಥದ್ದು ಕಂಡರೆ ಅದು ಇಲ್ಲಿಯವರೇ ಹಾಕಿದ್ದು, ಜಿಲ್ಲೆಯಲ್ಲೇ ನಿಲ್ಲಿಸಬಹುದು. ಆ್ಯಪ್‌ನಲ್ಲಿ ಮ್ಯಾಚ್ ನೋಡುವವರಿಗೆ ಜಾಹೀರಾತು ಮನೆಯಿಂದ ಮನೆಗೆ ಬದಲಾಗುತ್ತದೆ. ಅಲ್ಲಿ ಸ್ಕ್ರೀನ್‌ಶಾಟ್ ಇಲ್ಲದ ದೂರಿಗೆ ಬೆಲೆಯೇ ಇಲ್ಲ.

ಇನ್ನು, ನಿಷೇಧ ಇದ್ದೂ ಹೇಗೆ ಬರುತ್ತದೆ? ವೇಷ ಬದಲಿಸಿಕೊಂಡು ಬರುತ್ತದೆ. ವಾರ್ತಾ ಮತ್ತು ಪ್ರಸಾರ ಸಚಿವಾಲಯ 2022ರ ಜೂನ್ 13ರಂದು ಬೆಟ್ಟಿಂಗ್ ಜಾಹೀರಾತು ಬೇಡವೆಂದು ಸೂಚನೆ ಹೊರಡಿಸಿತು. ಬೆಟ್ಟಿಂಗ್ ಕಂಪನಿಗಳು ಅದೇ ಹೆಸರಿಗೆ ‘ನ್ಯೂಸ್’ ಅಂಟಿಸಿಕೊಂಡು ಸುದ್ದಿ ಜಾಲತಾಣದ ಜಾಹೀರಾತು ಎಂಬಂತೆ ಬರತೊಡಗಿದವು. ಅದೇ ವರ್ಷ ಅಕ್ಟೋಬರ್ 3ರ ಸೂಚನೆಯಲ್ಲಿ ಸಚಿವಾಲಯ ಫೇರ್‌ಪ್ಲೇ, ಪಾರಿಮ್ಯಾಚ್, ಬೆಟ್‌ವೇ, ವುಲ್ಫ್ 777, ಒನ್‌ಎಕ್ಸ್‌ಬೆಟ್ ಹೆಸರುಗಳನ್ನೇ ಎತ್ತಿ ಹೇಳಿ, ಈ ಮರೆಮಾಚಿದ ಜಾಹೀರಾತೂ ಸಲ್ಲದು ಎಂದಿತು. ನೀವು ಬರೀ ‘ಬೆಟ್ಟಿಂಗ್ ಜಾಹೀರಾತು ಬಂತು’ ಎಂದು ಬರೆದರೆ ‘ಅದು ಸುದ್ದಿ ಜಾಲತಾಣದ್ದು’ ಎಂಬ ಉತ್ತರ ಬರುತ್ತದೆ, ಕಡತ ಮುಚ್ಚುತ್ತದೆ. ಟಿವಿಯಲ್ಲಿ ಕಂಡ ಲೋಗೋದ ಬಣ್ಣ, ಅಕ್ಷರದ ರೂಪ, ಹೆಸರು ಬೆಟ್ಟಿಂಗ್ ತಾಣದ್ದಕ್ಕೆ ಹೇಗೆ ಹೊಂದುತ್ತದೆ ಎಂಬುದನ್ನು ದೂರಿನಲ್ಲೇ ತೋರಿಸಿಬಿಡಿ. ಅದಕ್ಕಾಗಿ ಆ ತಾಣದಲ್ಲಿ ನಿಮ್ಮ ಮೊಬೈಲ್ ನಂಬರ್ ಮಾತ್ರ ಹಾಕಬೇಡಿ. ನಂಬರ್ ಏಜೆಂಟರ ಕೈಗೆ ಸಿಕ್ಕರೆ ವಾಟ್ಸ್‌ಆ್ಯಪ್‌ನಲ್ಲಿ ಬೆನ್ನು ಬೀಳುತ್ತಾರೆ.

ಸಾಕ್ಷಿ ಹಿಡಿಯುವುದು ಹೀಗೆ. ಜಾಹೀರಾತು ಬರುವಾಗ ಹಲವು ಚಾನೆಲ್‌ಗಳ ಲೋಗೋ ಪರದೆಯಿಂದ ಮಾಯವಾಗುತ್ತದೆ, ಆಗ ತೆಗೆದ ಫೋಟೋ ಯಾವ ಚಾನೆಲ್‌ನದು ಎಂದು ಯಾರಿಗೂ ಹೇಳಲಾಗದು. ಮೊಬೈಲಿನಲ್ಲಿ ವಿಡಿಯೋ ಶುರುಮಾಡಿ ರಿಮೋಟ್‌ನ ‘ಇನ್ಫೋ’ ಗುಂಡಿ ಒತ್ತಿ. ಕೆಳಗೆ ಚಾನೆಲ್ ಹೆಸರು, ನಂಬರ್, ಹೊತ್ತು ಇರುವ ಪಟ್ಟಿ ಬರುತ್ತದೆ. ಅದು ಕಾಣುವಂತೆ, ಜಾಹೀರಾತು ಮುಗಿದು ಆಟ ಮರಳುವವರೆಗೂ ಹಿಡಿಯಿರಿ. ಒಂದೇ ಮ್ಯಾಚ್‌ನ ಕನ್ನಡ, ಹಿಂದಿ, ಇಂಗ್ಲಿಷ್ ಪ್ರಸಾರದಲ್ಲಿ ಜಾಹೀರಾತು ಒಂದೇ ಇರಬೇಕೆಂದಿಲ್ಲ. ಯಾವ ಭಾಷೆಯದ್ದು, ಎಚ್‌ಡಿಯೋ ಅಲ್ಲವೋ ಎಂಬುದನ್ನೂ ಬರೆಯಿರಿ. ಮಳೆಗಾಲದಲ್ಲಿ ಸಿಗ್ನಲ್ ಕಡಿದು ಚಿತ್ರ ಚೂರುಚೂರಾಗುವುದು ನಮ್ಮ ಜಿಲ್ಲೆಯಲ್ಲಿ ಹೊಸದಲ್ಲ, ಹಾಗಿದ್ದ ದಿನದ ತುಣುಕು ಕಳಿಸಬೇಡಿ.

ದೂರಿನ ಒಕ್ಕಣೆ ಚಿಕ್ಕದಿರಲಿ: ‘ಇಂಥ ದಿನಾಂಕ, ರಾತ್ರಿ ಇಷ್ಟು ಗಂಟೆ ಇಷ್ಟು ನಿಮಿಷಕ್ಕೆ, ಇಂಥ ಚಾನೆಲ್‌ನ ಕನ್ನಡ ಪ್ರಸಾರದಲ್ಲಿ, ಇಂಥ ಪಂದ್ಯದ ನಡುವೆ ಇಂಥ ಹೆಸರಿನ ಜಾಹೀರಾತು ಪ್ರಸಾರವಾಗಿದೆ. ಇದರ ಹೆಸರು ಮತ್ತು ಲೋಗೋ ಇಂಥ ಬೆಟ್ಟಿಂಗ್ ತಾಣದ್ದೇ. ವಿಡಿಯೋ ಲಗತ್ತಿಸಿದೆ.’ ಮಕ್ಕಳು ಹಾಳಾಗುತ್ತಿದ್ದಾರೆ ಎಂಬ ಮಾತು ಸತ್ಯವೇ, ಆದರೆ ಅದು ಕೊನೆಯ ಸಾಲಿಗಿರಲಿ.

ಮೊದಲು ಚಾನೆಲ್‌ನ ದೂರು ಅಧಿಕಾರಿಗೆ ಇಮೇಲ್ ಮಾಡಿ. 2021ರಲ್ಲಿ ತಿದ್ದುಪಡಿಯಾದ ಕೇಬಲ್ ಟಿವಿ ನಿಯಮದ ಪ್ರಕಾರ 24 ಗಂಟೆಯೊಳಗೆ ಸ್ವೀಕೃತಿ, 15 ದಿನದೊಳಗೆ ಉತ್ತರ ಬರಬೇಕು. ಅದೇ ವಿಡಿಯೋವನ್ನು ಜಾಹೀರಾತು ಗುಣಮಟ್ಟ ಮಂಡಳಿ ಆಸ್ಕಿಯ ವಾಟ್ಸ್‌ಆ್ಯಪ್ 77100 12345ಕ್ಕೆ ಕಳಿಸಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲೂ ದಾಖಲಿಸಬಹುದು.

ಇವೆಲ್ಲಕ್ಕಿಂತ ನನಗೆ ಗಟ್ಟಿ ಅನ್ನಿಸುವ, ಜನ ಬಳಸದೇ ಬಿಟ್ಟಿರುವ ದಾರಿ ಮಡಿಕೇರಿಯಲ್ಲೇ ಇದೆ. ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ 17ನೇ ಕಲಂ ಪ್ರಕಾರ ದಾರಿತಪ್ಪಿಸುವ ಜಾಹೀರಾತಿನ ದೂರನ್ನು ಜಿಲ್ಲಾಧಿಕಾರಿಗೇ ಕೊಡಬಹುದು. 16ನೇ ಕಲಂ ಪ್ರಕಾರ ಅವರು ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕಳಿಸಬಹುದು. ಕೇಬಲ್ ಕಾಯ್ದೆಯ ಅಧಿಕಾರವೂ ಜಿಲ್ಲಾ ದಂಡಾಧಿಕಾರಿಯಾಗಿ ಅವರಿಗೇ ಇದೆ. ಕನ್ನಡದಲ್ಲಿ ಅರ್ಜಿ ಬರೆದು, ಎರಡು ಪ್ರತಿ ಒಯ್ದು, ಒಂದರ ಮೇಲೆ ಟಪಾಲು ವಿಭಾಗದ ಮೊಹರು ಹಾಕಿಸಿಕೊಳ್ಳಿ. ಮೊಹರು ಇಲ್ಲದಿದ್ದರೆ ಮುಂದೆ ಮಾಹಿತಿ ಹಕ್ಕಿನಲ್ಲಿ ‘ನನ್ನ ಅರ್ಜಿ ಏನಾಯಿತು’ ಎಂದು ಕೇಳುವುದಕ್ಕೆ ಹಿಡಿ ಸಿಗುವುದಿಲ್ಲ. ಒಬ್ಬರು ಕೊಡುವುದಕ್ಕಿಂತ ಸ್ತ್ರೀಶಕ್ತಿ ಸಂಘವೋ ಶಾಲೆಯ ಪೋಷಕರೋ ಸೇರಿ ಸಹಿ ಹಾಕಿ ಕೊಡುವುದು ಒಳ್ಳೆಯದು.

ಯಾವ ಕಾನೂನು ಉಲ್ಲೇಖಿಸಬೇಕು? ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು, ಕೌಶಲದ್ದಾಗಲಿ ಅದೃಷ್ಟದ್ದಾಗಲಿ, ನಿಷೇಧಿಸುವ ಆನ್‌ಲೈನ್ ಗೇಮಿಂಗ್ ಕಾಯ್ದೆಗೆ 2025ರ ಆಗಸ್ಟ್ 22ರಂದು ರಾಷ್ಟ್ರಪತಿ ಅಂಕಿತ ಬಿದ್ದಿದೆ. ಅದರಲ್ಲಿ ಜಾಹೀರಾತಿಗೇ 2 ವರ್ಷದವರೆಗೆ ಜೈಲು, 50 ಲಕ್ಷ ರೂಪಾಯಿವರೆಗೆ ದಂಡ ಇದೆ. ಭಾರತ ತಂಡದ ಜೆರ್ಸಿಯಿಂದ ಡ್ರೀಮ್11 ಹೆಸರು ಹೋದದ್ದು ಇದರ ಬೆನ್ನಿಗೇ. ಆದರೆ ಕಾಯ್ದೆಯನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನ ಮುಂದೆ ಹೋಗಿವೆ. ಇಂಥ ಆಟಗಳನ್ನೇ ನಿಷೇಧಿಸಿದ್ದ ಕರ್ನಾಟಕ ಪೊಲೀಸ್ ಕಾಯ್ದೆಯ 2021ರ ತಿದ್ದುಪಡಿಯನ್ನು 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ರದ್ದು ಮಾಡಿದ್ದು ನೆನಪಿರಲಿ. ಆದ್ದರಿಂದ ಇದೊಂದನ್ನೇ ನೆಚ್ಚದೆ, 2022ರ ಸಚಿವಾಲಯದ ಎರಡೂ ಸೂಚನೆಗಳನ್ನೂ, ಮರೆಮಾಚಿದ ಜಾಹೀರಾತನ್ನು ನಿಷೇಧಿಸುವ 2022ರ ಜೂನ್ 9ರ ಗ್ರಾಹಕ ಮಾರ್ಗಸೂಚಿಯನ್ನೂ ಸೇರಿಸಿ. ‘ಜವಾಬ್ದಾರಿಯಿಂದ ಆಡಿ’ ಎಂಬ ಸಾಲು ಕೆಳಗೆ ಓಡಿದರೆ ಬೆಟ್ಟಿಂಗ್ ಜಾಹೀರಾತು ಸಕ್ರಮವಾಗುತ್ತದೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ.

ಅಲ್ಲಿಯವರೆಗೆ ಮನೆಯಲ್ಲಿ ಮಾಡಬಹುದಾದದ್ದು ಸ್ವಲ್ಪವೇ. ಸೆಟ್‌ಟಾಪ್ ಬಾಕ್ಸ್‌ನ ಪೇರೆಂಟಲ್ ಲಾಕ್ ಇಡೀ ಚಾನೆಲ್ಲನ್ನು ಮುಚ್ಚುತ್ತದೆ, ಜಾಹೀರಾತನ್ನಷ್ಟೇ ಮುಚ್ಚಲು ಬರುವುದಿಲ್ಲ. ಯೂಟ್ಯೂಬ್‌ಗೆ ಮಾತ್ರ ದಾರಿ ಇದೆ: ಗೂಗಲ್ ಖಾತೆಯ ‘ಮೈ ಆ್ಯಡ್ ಸೆಂಟರ್’ನಲ್ಲಿ ಸೂಕ್ಷ್ಮ ವಿಷಯಗಳ ಪಟ್ಟಿ ತೆರೆದು ಜೂಜನ್ನು ಆರಿಸಿ ಕಡಿಮೆ ಮಾಡಿ. ಟಿವಿಯಲ್ಲೂ ಅದೇ ಖಾತೆಯಿಂದ ಲಾಗಿನ್ ಆಗಿರಬೇಕು. ಮನೆಯಲ್ಲೋ ತೋಟದ ಕಾರ್ಮಿಕರ ಲೈನ್ ಮನೆಯಲ್ಲೋ ಯಾರಾದರೂ ಆಗಲೇ ಹಣ ಹಾಕತೊಡಗಿದ್ದರೆ, ಬ್ಯಾಂಕ್ ಆ್ಯಪ್‌ನಲ್ಲಿ ಯುಪಿಐ ದಿನದ ಮಿತಿಯನ್ನು ದಿನಸಿಗೆ ಸಾಕಾಗುವಷ್ಟಕ್ಕೆ ಇಳಿಸಿ. ಬಟವಾಡೆಯ ದಿನಕ್ಕೆ ಮೊದಲೇ ಇಳಿಸಿ, ಹಣ ಹೋಗುವುದು ಆವತ್ತೇ. ಮೋಸ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬಿಡಬೇಕೆಂದರೂ ಬಿಡಲಾಗದವರಿಗೆ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು. ಹೊಸ ಕಾಯ್ದೆಯ ಶಿಕ್ಷೆ ಆಡಿಸುವವರಿಗೆ, ಜಾಹೀರಾತು ಮಾಡುವವರಿಗೆ, ಹಣ ದಾಟಿಸುವವರಿಗೆ, ಆಡಿದವರಿಗಲ್ಲ. ಇದನ್ನು ಅವರಿಗೆ ಮೊದಲೇ ಹೇಳಿ, ಪೊಲೀಸ್ ಹಿಡಿಯುತ್ತಾರೆಂಬ ಹೆದರಿಕೆಯಲ್ಲಿ ಎಷ್ಟೋ ಜನ ಕರೆಯನ್ನೇ ಮಾಡುವುದಿಲ್ಲ.